ಸೋಮವಾರದ ಸೊನ್ನೆ

ಹುಡುಗನ ಜಾತಕದ ಜೊತೆಗೆ ಬೀಜಪತ್ರವನ್ನೂ ಕೇಳುವ ಕಾಲ ಬಂದು ಆಗಲೇ ನಾಲ್ಕು ವರ್ಷವಾಗಿತ್ತು. ಹುಡುಗ ಏನು ಓದಿದ್ದಾನೆ, ಕುಡಿಯುತ್ತಾನೋ ಹೇಗೆ ಎಂದೆಲ್ಲ ಸುತ್ತಿ ಬಳಸಿ ಕೇಳುತ್ತಿದ್ದ ಬೀಗರು ಈಗ ಚಾದ ಕಪ್ಪು ಕೆಳಗಿಡುವ ಮೊದಲೇ "ಪತ್ರ ಐತೇನ್ರಿ?" ಎನ್ನುತ್ತಿದ್ದರು. ಹತ್ತಿ ಸುತ್ತಿದ ಕಡ್ಡಿಯನ್ನು ಕೆನ್ನೆಯೊಳಗೆ ಒಂದು ಸಲ ಒರೆಸಿ ಕೊಟ್ಟರೆ ಮೂರನೇ ದಿನಕ್ಕೆ ಫೋನಿಗೇ ಪತ್ರ ಬರುತ್ತಿತ್ತು. ಹಸಿರು ಬಂದರೆ ಹುಡುಗ ಸರಿ. ಕೆಂಪು ಬಂದರೆ ಅವನ ಮೈಯಲ್ಲಿ ಕೆ-೪೧ ಎಂಬ ವಂಶವಾಹಿ ಕೆಟ್ಟಿದೆ, ಅವನಿಗೆ ಮಕ್ಕಳಾಗುವುದಿಲ್ಲ ಎಂದು ಅರ್ಥ. ಹುಬ್ಬಳ್ಳಿ ಧಾರವಾಡದ ಬಾಯಲ್ಲಿ ಅದು ಬರೇ ನಲವತ್ತೊಂದಾಯಿತು. ಬಸ್ ಸ್ಟ್ಯಾಂಡಿನಲ್ಲಿ ಇಬ್ಬರು ಜಗಳಾಡಿದರೆ "ಹೋಗಲೇ ನಲವತ್ತೊಂದು" ಎನ್ನುವುದು, ಜನ ಹಲ್ಲು ಕಿರಿಯುವುದು. ಥೂ, ಎಷ್ಟು ಬೇಗ ಕಲಿಯುತ್ತಾರೆ ಇಂಥದ್ದನ್ನ!

ವಿಚಿತ್ರ ಕೊರತೆ ಅದು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ವೀರ್ಯಾಣುಗಳಿಗೆ ತಲೆ ಇರುತ್ತದೆ, ಬಾಲ ಇರುತ್ತದೆ, ಈಜಾಟವೂ ಚೆನ್ನಾಗಿಯೇ ಇರುತ್ತದೆ. ಆದರೆ ಅಂಡದ ಹತ್ತಿರ ಹೋಗಿ ಸುಮ್ಮನೆ ನಿಂತುಬಿಡುತ್ತವೆ ಎಂದು ಧಾರವಾಡದ ಸಂತಾನ ಸಂಶೋಧನಾ ಸಂಸ್ಥೆ ಹೇಳಿತ್ತು. ಆದ್ದರಿಂದ ವೀರ್ಯದ ಯಾವ ಪರೀಕ್ಷೆಯಲ್ಲೂ ಇದು ಸಿಗುವುದಿಲ್ಲ. ಆ ಪರೀಕ್ಷೆಗಳಿಂದ ಇದು ಸುಳ್ಳೆಂದು ತೋರಿಸಲೂ ಆಗುವುದಿಲ್ಲ. ಪತ್ರ ಮಾರುವ ಕಂಪನಿಗೆ ಇನ್ನೇನು ಬೇಕು! ಮಕ್ಕಳಿರುವ ಗಂಡಸಿಗೂ ಒಮ್ಮೊಮ್ಮೆ ಕೆಂಪು ಬರುತ್ತಿತ್ತು. ಆಗ ಪತ್ರ ತಪ್ಪಿದೆ ಎಂದು ಒಬ್ಬನೂ ಅನ್ನಲಿಲ್ಲ. ಹೆಂಡತಿ ತಪ್ಪಿದ್ದಾಳೆ ಎಂದರು.

ನೀಲಗಂಗಾ ಕಟಗಿಗೆ ಈ ಪತ್ರದ ಬಗ್ಗೆ ಒಳಗೊಳಗೆ ಹೆಮ್ಮೆ ಇತ್ತು. ಆಕೆ ಸಂಸ್ಥೆಯ ಇಲಿಮನೆಯ ಮೇಲ್ವಿಚಾರಕಿ. ಕೆ-೪೧ರ ಪ್ರಯೋಗ ಶುರುವಾದಾಗ ಆಕೆಗೆ ಇಪ್ಪತ್ತೊಂಬತ್ತು ವರ್ಷ. ಇಲಿಯ ಸಾವಿರಾರು ವಂಶವಾಹಿಗಳಲ್ಲಿ ಒಂದನ್ನು ಮಾತ್ರ ಕೆಡಿಸುವುದು, ಆಮೇಲೆ ಆ ಇಲಿಗೆ ಏನು ಕೈಕೊಟ್ಟಿತು ನೋಡುವುದು, ಇಷ್ಟೇ ಆ ಕೆಲಸ. ಮನೆಯ ಫ್ಯೂಸುಗಳನ್ನು ಒಂದೊಂದಾಗಿ ಕಿತ್ತು ಯಾವ ಕೋಣೆ ಕತ್ತಲಾಯಿತು ಎಂದು ನೋಡಿದ ಹಾಗೆ. ಕೆ-೪೧ ಕೆಡಿಸಿದ ಹನ್ನೆರಡು ಗಂಡಿಲಿಗಳನ್ನು ತಲಾ ಎರಡು ಹೆಣ್ಣಿನ ಜೊತೆ ಬಿಟ್ಟರು. ಹುಟ್ಟಿದ ಮರಿ ಎಣಿಸುವುದು ನೀಲಗಂಗಾಳ ಪಾಲಿಗೆ ಬಂತು. ಎಣಿಸಿದಳು. ಎಲ್ಲ ಕಡೆ ಸೊನ್ನೆ. ಆ ಸೊನ್ನೆಗಳ ಮೇಲೆ ಸಂಸ್ಥೆಯ ನಿರ್ದೇಶಕ ಜಮಖಂಡಿ ಸರ್ ಪ್ರಬಂಧ ಬರೆದರು, ಅದರ ಮೇಲೆ ಕಂಪನಿ ಎದ್ದಿತು, ಅದರ ಮೇಲೆ ಊರಿನ ಮದುವೆಗಳೆಲ್ಲ ನಿಂತವು.

ಆ ಭಾನುವಾರ ಪತ್ರ ಅವಳ ಮನೆಗೇ ಬಂತು.

ತಮ್ಮ ಬಸವಪ್ರಭು ಬಸ್ ಡಿಪೋದಲ್ಲಿ ಡ್ರೈವರುಗಳ ಪಾಳಿ ಬರೆಯುವವನು. ಅವನ ಹೆಂಡತಿ ದಾನೇಶ್ವರಿ ಹೈಸ್ಕೂಲಿನಲ್ಲಿ ಆಟದ ಟೀಚರು, ಗದಗ ಬೆಟಗೇರಿಯ ನೇಕಾರರ ಮನೆಯ ಹುಡುಗಿ. ಪತ್ರಗಳ ಕಾಲಕ್ಕೆ ಮುಂಚೆ ಆದ ಮದುವೆ, ಆರು ವರ್ಷ ಮಕ್ಕಳಾಗಿರಲಿಲ್ಲ. ಈಗ ಎರಡೂವರೆ ತಿಂಗಳ ಬಸುರಿ. ಮನೆಯಲ್ಲಿ ಹಬ್ಬದ ಸಡಗರ. ಬಸುರಿಯ ಕಾರ್ಡ್ ಮಾಡಿಸಲು ಆಸ್ಪತ್ರೆಗೆ ಹೋದರೆ ಗಂಡನ ಪತ್ರವನ್ನೂ ಹಚ್ಚಬೇಕು ಎಂದರು. ಅಷ್ಟೇ ತಾನೇ ಎಂದು ಪ್ರಭು ಕಡ್ಡಿ ಒರೆಸಿ ಕೊಟ್ಟ. ಭಾನುವಾರ ಬೆಳಿಗ್ಗೆ ಉಪ್ಪಿಟ್ಟು ತಿನ್ನುತ್ತ ಫೋನು ನೋಡಿದ. ಕೆಂಪು.

ಅವ್ವನ ಕೈ ಬಾಣಲೆಯ ಮೇಲೆಯೇ ನಿಂತಿತು. ಗಿರಿಜವ್ವ ಹತ್ತು ಮಂದಿಯ ನಡುವೆ ಮಾತಾಡಿ ಗೆದ್ದ ಹೆಂಗಸು, ಅವತ್ತು ಮಾತ್ರ ದನಿ ಏರಿಸಲಿಲ್ಲ.

"ಯಾರದು?" ಎಂದಳು.

"ನಿಮ್ಮ ಮಗಂದ ಅತ್ತಿ," ಎಂದಳು ದಾನೇಶ್ವರಿ. "ಇನ್ಯಾರದ ಇರ್ತೈತಿ?"

"ರಕ್ತಾ ಕೊಡ್ತೀ ಏನು? ಹೊಟ್ಟ್ಯಾಗಿನ ಕೂಸಿನ ತಂದಿ ಯಾರಂತ ಈಗೀಗ ರಕ್ತದಾಗ ಗೊತ್ತಾಕ್ಕೈತಂತ."

"ಕೊಡೂದಿಲ್ಲ."

"ನೋಡಿದೇನೋ ಪ್ರಭೂ? ಕೊಡೂದಿಲ್ಲಂತ!"

"ಯಾಕ ಕೊಡ್ಲಿ ಅತ್ತಿ? ಆರು ವರ್ಷ ಈ ಮನ್ಯಾಗ ಉಂಡೀನಿ, ಎದ್ದೀನಿ, ನಿಮ್ಮ ಕಾಲು ಮುರದಾಗ ಮೂರು ತಿಂಗಳು ಎತ್ತಿ ಕುಂದರಿಸೀನಿ. ನನ್ನ ಬಾಯಿ ಮಾತು ಸಾಲಲಿಲ್ಲಂದ್ರ ರಕ್ತಾ ಕೊಟ್ಟು ಈ ಮನ್ಯಾಗ ನಾ ಹೆಂಗ ಇರ್ಲಿ?"

ಪ್ರಭು ತಲೆ ಎತ್ತಲಿಲ್ಲ. ಉಪ್ಪಿಟ್ಟಿನೊಳಗಿನ ಕರಿಬೇವು ಆರಿಸಿ ತಟ್ಟೆಯ ಅಂಚಿಗೆ ಇಡುತ್ತಿದ್ದ. ಅವನ ಕಿವಿಗಳು ಕೆಂಪಾಗಿದ್ದವು. ನೀಲಗಂಗಾ ನೋಡಿದಳು, ಪಾಪ ಎನಿಸಿತು. ಆಗ ಪಾಪ ಎನಿಸಿದ್ದು ತಮ್ಮನ ಮೇಲೆಯೇ ಎನ್ನುವುದನ್ನು ಆಮೇಲೆ ನೆನೆದಾಗೆಲ್ಲ ಅವಳಿಗೆ ಬಾಯಿ ಕಹಿಯಾಗುತ್ತಿತ್ತು.

ಅವ್ವ ಮಗಳ ಕಡೆ ತಿರುಗಿದಳು. "ನೀ ಹೇಳ ನೀಲಾ. ನೀ ಕಲತಾಕಿ, ಆ ಇಲಿಗೋಳ ಜೋಡಿ ಬಾಳೇವು ಮಾಡಾಕಿ. ಈ ಪತ್ರ ತಪ್ಪಾಕ್ಕೈತೇನು?"

ದಾನೇಶ್ವರಿಯೂ ನೋಡಿದಳು. ಅವಳ ಕಣ್ಣಿನಲ್ಲಿ ಆಗ ಇನ್ನೂ ಒಂದು ನಂಬಿಕೆ ಇತ್ತು. ಈ ಮನೆಯಲ್ಲಿ ಅಕ್ಕಾರು ಒಬ್ಬರಾದರೂ ನನ್ನ ಪರ ಮಾತಾಡಿಯಾರು ಎಂಬ ನಂಬಿಕೆ.

"ತಪ್ಪೂದಿಲ್ಲವ್ವಾ," ಎಂದಳು ನೀಲಗಂಗಾ. "ನಾನ ಎಣಿಸೀನಿ. ಹನ್ನೆರಡು ಗಂಡು, ಇಪ್ಪತ್ನಾಕು ಹೆಣ್ಣು. ಒಂದ ಒಂದು ಮರಿ ಹುಟ್ಟಲಿಲ್ಲ."

ಮುಗಿಯಿತು. ಗುರುವಾರ ಆಸ್ಪತ್ರೆಗೆ ಹೋಗಿ ಬಸಿರು ತೆಗೆಸಬೇಕು, ಇಲ್ಲದಿದ್ದರೆ ಪ್ರಭು ಮದುವೆ ಮುರಿದು ಸೋಡಚೀಟಿ ಕಳಿಸುತ್ತಾನೆ, ಅಲ್ಲಿಯವರೆಗೆ ತವರಿನಲ್ಲಿರಲಿ ಎಂದು ಅವ್ವ ತೀರ್ಮಾನ ಕೊಟ್ಟಳು. ದಾನೇಶ್ವರಿ ಅಳಲಿಲ್ಲ, ಜಗಳ ತೆಗೆಯಲಿಲ್ಲ. ಎರಡು ಸೀರೆ, ಶಾಲೆಯ ಸೀಟಿ, ಗುಳಿಗೆಯ ಚೀಲ ತೆಗೆದುಕೊಂಡು ಹನ್ನೊಂದರ ಬಸ್ಸಿಗೆ ಹೋದಳು. ಪ್ರಭು ನಿಲ್ದಾಣದವರೆಗೂ ಹೋಗಲಿಲ್ಲ. ಉಪ್ಪಿಟ್ಟು ಮುಗಿಸಿ ಕೈ ತೊಳೆದ.

ಸೋಮವಾರ ಬೆಳಿಗ್ಗೆ ನೀಲಗಂಗಾ ದಿನದ ಹೊತ್ತಿಗಿಂತ ಮುಂಚೆ ಇಲಿಮನೆಗೆ ಬಂದಳು. ಮನೆಯಲ್ಲಿ ಕೂರಲಾಗಿರಲಿಲ್ಲ. ಇಲಿಮನೆಯ ನಾತ ಬಾಗಿಲಲ್ಲೇ ಎದುರಾಗುತ್ತದೆ. ಮೂತ್ರ, ಒದ್ದೆ ಮರದ ಪುಡಿ, ಫಿನಾಯಿಲು ಮೂರೂ ಕೂಡಿ ಗಂಟಲಿಗೆ ಅಂಟುವ ನಾತ. ಹತ್ತು ವರ್ಷವಾದರೂ ಅವಳಿಗೆ ಅದು ಒಗ್ಗಿರಲಿಲ್ಲ. ಎರಡು ಮಾಸ್ಕು ಹಾಕುತ್ತಿದ್ದಳು, ಮೇಲಿನದಕ್ಕೆ ನೀಲಗಿರಿ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. ಜೀವವಿಜ್ಞಾನ ಓದಿದವಳಿಗೆ ಜೀವದ ಹೊಲಸು ಕಂಡರೆ ಆಗದು, ಏನು ಮಾಡುವುದು!

ಒಳಗೆ ಫಕೀರವ್ವ ಪಂಜರ ತೊಳೆಯಲು ತೆಗೆಯುತ್ತಿದ್ದಳು. ಇಲಿಮನೆ ಕಟ್ಟಿದ ದಿನದಿಂದ ಇಲ್ಲಿದ್ದಾಳೆ, ಅರವತ್ತರ ಹತ್ತಿರದ ಹೆಂಗಸು. ನೀಲಗಂಗಾಳನ್ನು ಕಂಡವಳೇ ಕೈಯಲ್ಲಿದ್ದ ಪಂಜರವನ್ನು ಸೆರಗಿನ ಮರೆಗೆ ತಂದಳು.

"ಯಾಕ ಇಷ್ಟ ಲಗೂ ಬಂದ್ರಿ ಅಕ್ಕಾರ? ಆ ಕಡೆ ತಿರಗ್ರಿ ಸ್ವಲ್ಪ. ಇಲ್ಲಿ ಹೊಲಸಾಗೇತಿ."

"ಏನ ಹೊಲಸು?"

"ಅದ ರೀ, ಯಾವಾಗ್ಲೂ ಆಗೂದು. ಹಡದು ತಿಂದಾಳ. ನಾ ಬಳದು ಒಗೀತೀನಿ, ಆಮ್ಯಾಲ ಬರ್ರಿ."

ನೀಲಗಂಗಾ ರೂಢಿಯಂತೆ ಗೋಡೆಯ ಕಡೆ ತಿರುಗಿದಳು. ಬೆನ್ನ ಹಿಂದೆ ಮರದ ಪುಡಿ ಕೆರೆಯುವ ಸದ್ದು. ಫಕೀರವ್ವ ತನ್ನಷ್ಟಕ್ಕೆ ಮಾತಾಡುತ್ತಿದ್ದಳು. "ಈ ಮೂಲಿನ ಹಂಗ. ಈ ಬಡ್ಡಿಮಗಂದು ಮಶೀನು ಶನಿವಾರ ಚಾಲೂ ಆತಂದ್ರ ಮುಗೀತು. ನಮಗ ಕೇಳೂದಿಲ್ಲ, ಅವಕ್ಕ ಕಿವಿ ಹರಿತಾವಂತ. ಚೊಚ್ಚಲ ಹಡದಾವು, ಅಂಜಿ ಮರೀನ ತಿಂದ ಬಿಡ್ತಾವು. ಆ ನಲವತ್ತೊಂದರ ಕೆಂಪು ಚೀಟಿ ಪಂಜರ ಇದ್ದಾಗಿಂದ ನೋಡಾಕತ್ತೀನಿ."

ನೀಲಗಂಗಾ ತಿರುಗಿದಳು.

"ಏನಂದಿ ಫಕೀರವ್ವಾ?"

"ಮಶೀನು ರೀ, ಪಂಜರ ತೊಳಿಯೂದು."

"ಅದಲ್ಲ. ನಲವತ್ತೊಂದಕ್ಕ ಮರೀನ ಆಗಿದ್ದಿಲ್ಲಲ್ಲ."

ಫಕೀರವ್ವ ನಕ್ಕಳು. ತಮಾಷೆಗೆ ಕೇಳುತ್ತಿದ್ದಾಳೆ ಎಂದುಕೊಂಡಿರಬೇಕು. "ಆಗಿದ್ದಿಲ್ಲಂತ ಯಾರಂದ್ರು? ಶುಕ್ರವಾರ ನೋಡಿದ್ರ ಹೊಟ್ಟಿ ಇಷ್ಟಿಷ್ಟ ದಪ್ಪ, ಹತ್ತಿ ಹರದು ಗೂಡು ಕಟ್ಟಿ ಕುಂತಿರ್ತಿದ್ದವು. ಸೋಮವಾರ ಬಂದ್ರ ಹೊಟ್ಟಿ ಇಲ್ಲ, ಮರಿ ಇಲ್ಲ. ಹಾಸಿನ್ಯಾಗ ಒಂದು ಕಾಲು, ಒಂದು ಬಾಲ. ನನಗಂತೂ ಬಳದು ಬಳದು ಸಾಕಾಗಿತ್ತು."

"ನನಗ ಯಾಕ ಹೇಳಲಿಲ್ಲ?" ದನಿ ಕೀರಲಾಗಿ ಬಂತು.

ಮುದುಕಿಯ ನಗು ನಿಂತಿತು. "ಹೇಳಿದ್ನಲ್ರಿ ಅಕ್ಕಾರ. ನೀವ ಅಂದ್ರಿ, ಸತ್ತದ್ದು ಎಣಿಸೂದಿಲ್ಲ, ನಾ ಬರೂಕಿಂತ ಮೊದ್ಲ ತಗದು ಸ್ವಚ್ಛ ಮಾಡಿ ಇಡಂತ. ಅವತ್ತ ನೀವು ಆ ಸಿಂಕಿನ್ಯಾಗ ವಾಂತಿ ಮಾಡ್ಕೊಂಡಿದ್ರಿ. ನೆನಪಿಲ್ಲೇನು?"

ನೆನಪಿತ್ತು. ಅಯ್ಯೋ, ನೆನಪಿಲ್ಲದೆ ಏನು! ಪ್ರಯೋಗದ ಮೊದಲ ಎಣಿಕೆಯ ದಿನ. ಮುಚ್ಚಳ ತೆಗೆದಾಗ ತಾಯಿಲಿ ಮುಂಗಾಲಲ್ಲಿ ಏನನ್ನೋ ಹಿಡಿದು ತಿನ್ನುತ್ತಿತ್ತು. ಗುಲಾಬಿ ಬಣ್ಣದ್ದು, ಹುಣಸೆ ಬೀಜಕ್ಕಿಂತ ಸ್ವಲ್ಪ ದೊಡ್ಡದು, ತಲೆ ಇರಲಿಲ್ಲ. ಕಚಕಚ ಸದ್ದು ಕೇಳಿತ್ತು. ವಾಂತಿ ಮಾಡಿ ಬಂದು ಪುಸ್ತಕ ನೋಡಿದಳು. 'ಜೀವಂತ ಮರಿಗಳ ಸಂಖ್ಯೆ' ಎಂದು ಒಂದೇ ಅಂಕಣವಿತ್ತು. ಜೀವಂತ ಯಾವುದೂ ಇರಲಿಲ್ಲ, ಸೊನ್ನೆ ಬರೆದಳು. ತಪ್ಪೇನು ಎನಿಸಿತು. ಅಂದಿನಿಂದ ಸೋಮವಾರ ಎಂಟಕ್ಕೆ ಫಕೀರವ್ವ ಬರುವುದು, ಬಳಿಯುವುದು, ಹೊಸ ಪುಡಿ ಹಾಸುವುದು. ಒಂಬತ್ತಕ್ಕೆ ನೀಲಗಂಗಾ ನೀಲಗಿರಿ ವಾಸನೆಯೊಂದಿಗೆ ಬಂದು ಹಸನಾದ ಪಂಜರ ನೋಡಿ ಸೊನ್ನೆ ಬರೆಯುವುದು. ಒಂದೊಂದು ಗಂಡಿನ ಸರದಿ ಬಂದಂತೆ ವರ್ಷವಿಡೀ ಇದೇ. ಒಂದು ಸೋಮವಾರವೂ ಅವಳು ಮುಂಚೆ ಬಂದಿರಲಿಲ್ಲ.

ಅಲ್ಲೇ ಸ್ಟೂಲಿನ ಮೇಲೆ ಕೂತು ಲೆಕ್ಕ ಹಾಕಿದಳು. ಜೋಡಿ ಬಿಡುತ್ತಿದ್ದುದು ಸೋಮವಾರ. ಇಲಿಯ ಬಸಿರು ಹತ್ತೊಂಬತ್ತು, ಇಪ್ಪತ್ತು ದಿನ. ಹೆರಿಗೆ ಬರುವುದು ಮೂರನೇ ವಾರದ ಶನಿವಾರ, ಇಲ್ಲವೇ ಭಾನುವಾರ. ಶನಿವಾರ ಮಧ್ಯಾಹ್ನದಿಂದ ಪಂಜರ ತೊಳೆಯುವ ಯಂತ್ರ ಓಡುತ್ತದೆ. ಸಹಜ ಇಲಿಗಳನ್ನು ಮೊದಲು, ವಂಶವಾಹಿ ಕೆಡಿಸಿದ ಇಲಿಗಳನ್ನು ಕೊನೆಗೆ ಮುಟ್ಟಬೇಕೆಂಬುದು ಇಲ್ಲಿಯ ಶಿಸ್ತು. ಹಾಗಾಗಿ ಕೆಂಪು ಚೀಟಿಯ ಪಂಜರಗಳು ಯಾವಾಗಲೂ ಕಟ್ಟಕಡೆಯ ಸಾಲಿನಲ್ಲಿ, ಅಂದರೆ ಆ ಯಂತ್ರದ ಮಗ್ಗುಲಲ್ಲೇ. ಹೋಲಿಕೆಗೆ ಇಟ್ಟ ಸಹಜ ಇಲಿಗಳು ಬಾಗಿಲ ಹತ್ತಿರ ನೆಮ್ಮದಿಯಾಗಿ ಹೆತ್ತು ಮರಿಗೆ ಹಾಲೂಡಿಸುತ್ತಿದ್ದವು. ಭಾನುವಾರ ಯಾರೂ ಬರುವುದಿಲ್ಲ. ಕೆಂಪು ಚೀಟಿಯ ತಾಯಂದಿರು ತಿಂದು ಮುಗಿಸಲು ಒಂದೂವರೆ ದಿನ ಸಾಕು.

"ಆ ಪಂಜರ ಇಲ್ಲಿ ತಾ," ಎಂದಳು.

"ಬ್ಯಾಡ್ರಿ, ನಿಮಗ ಆಗೂದಿಲ್ಲ."

"ತಾ ಅಂದ್ನೆಲ್ಲ."

ನೋಡಿದಳು. ಪುಡಿಯಲ್ಲಿ ಅರ್ಧ ಮರಿ ಬಿದ್ದಿತ್ತು, ಪಕ್ಕದಲ್ಲಿ ದಾರದಂಥ ಕರುಳು. ತಾಯಿ ಮೂಲೆಯಲ್ಲಿ ಕೂತು ಮೀಸೆ ಒರೆಸಿಕೊಳ್ಳುತ್ತಿತ್ತು. ಈ ಸಲ ನೀಲಗಂಗಾ ಗೋಡೆಯ ಕಡೆ ತಿರುಗಲಿಲ್ಲ. ಇಲಿ ಪಾಪ ಅಂಜಿ ತಿಂದಿತ್ತು. ತಾನು ನೀಲಗಿರಿ ಹಚ್ಚಿಕೊಂಡು ಬಂದು ಸೊನ್ನೆ ಬರೆದಿದ್ದಳು, ನಿನ್ನೆ ಉಪ್ಪಿಟ್ಟಿನ ಮುಂದೆ ಕೂತು ಅದನ್ನೇ ಎದೆ ಸೆಟೆಸಿ ಹೇಳಿದ್ದಳು.

ಆದರೂ ಮುದುಕಿಯ ಮಾತೊಂದೇ ಸಾಕ್ಷಿ. ಬಳಿದು ಒಗೆದದ್ದೆಲ್ಲ ಎಂದೋ ಸುಟ್ಟು ಬೂದಿಯಾಗಿದೆ. ಹೊಸದಾಗಿ ಜೋಡಿ ಬಿಟ್ಟು ನೋಡಲು ಮೂರು ವಾರ ಬೇಕು. ಗುರುವಾರಕ್ಕೆ ಇರುವುದು ಮೂರು ದಿನ.

ಮಧ್ಯಾಹ್ನ ಊಟಕ್ಕೆ ಕೂತಾಗ ಹೊಳೆಯಿತು. ಹೆಣ್ಣಿಲಿಗಳು! ಸಂಸ್ಥೆಯ ನಿಯಮದಂತೆ ಪ್ರಯೋಗ ಮುಗಿದ ಇಲಿಗಳ ದೇಹವನ್ನು ಹತ್ತು ವರ್ಷ ಫಾರ್ಮಾಲಿನ್ನಿನಲ್ಲಿ ಇಡುತ್ತಾರೆ. ಊಟದ ಡಬ್ಬಿ ಅಲ್ಲೇ ಬಿಟ್ಟು ಉಗ್ರಾಣಕ್ಕೆ ಓಡಿದಳು.

ಬಸಿರಿನ ಗುರುತು ಗರ್ಭಕೋಶ ಬಿಡುವುದಿಲ್ಲ. ಒಂದೊಂದು ಮರಿಗೂ ಒಂದೊಂದು ಮಾಸು, ಆ ಮಾಸು ಅಂಟಿದ್ದ ಕಡೆ ತಾಯಿಯ ರಕ್ತದ ಕಬ್ಬಿಣ ಒಂದಿಷ್ಟು ಕಲೆಯಾಗಿ ಉಳಿದಿರುತ್ತದೆ. ಬರಿಗಣ್ಣಿಗೆ ಕಂಡರೆ ಕಂಡಿತು. ಆದರೆ ಕಬ್ಬಿಣ ಹಿಡಿಯುವ ಒಂದು ಬಣ್ಣವಿದೆ, ಅದರಲ್ಲಿ ನೆನೆಸಿದರೆ ಕಲೆ ನೀಲಿಯಾಗುತ್ತದೆ. ಇದು ಕಾಲೇಜಿನ ಪುಸ್ತಕದಲ್ಲಿದ್ದ ವಿದ್ಯೆ. ಇಷ್ಟು ವರ್ಷ ಯಾರಿಗೂ ಬೇಕಾಗಿರಲಿಲ್ಲ, ಸೊನ್ನೆ ಸೊನ್ನೆಯೇ ಎಂದು ಎಲ್ಲರೂ ಒಪ್ಪಿದ್ದರಲ್ಲ.

ಮಂಗಳವಾರ ಬೆಳಿಗ್ಗೆ ಕೆಂಪು ಚೀಟಿಯ ಡಬ್ಬಿಗಳನ್ನೆಲ್ಲ ತೆರೆದಳು. ಫಾರ್ಮಾಲಿನ್ ಕಣ್ಣಿಗೆ ಖಾರ ಉಗ್ಗಿದ ಹಾಗೆ. ಒಳಗೆ ರಬ್ಬರಿನಂತೆ ಬಿಳುಚಿಕೊಂಡ, ಬಾಯಿ ತೆರೆದ, ರೋಮ ಮುದುಡಿದ ಇಲಿಗಳು. ಫಕೀರವ್ವ ಒಂದೊಂದನ್ನೇ ಎತ್ತಿಕೊಟ್ಟಳು, ನೀಲಗಂಗಾ ಹೊಟ್ಟೆ ಸೀಳಿದಳು. ಎರಡು ಸಲ ಹೊರಗೆ ಹೋಗಿ ವಾಂತಿ ಮಾಡಿ ಬಂದಳು, ಮತ್ತೆ ಕೂತಳು. ಕವಲೊಡೆದ ದಾರದಂಥ ಗರ್ಭಕೋಶಗಳನ್ನು ತೆಗೆದು ತಟ್ಟೆಯಲ್ಲಿ ಹರಡಿ ಬಣ್ಣ ಹಾಕಿದಳು, ಕಾಯ್ದಳು, ತೊಳೆದಳು.

"ಯವ್ವಾ!" ಎಂದಳು ಫಕೀರವ್ವ, ಭೂತಗನ್ನಡಿಯ ಮೇಲೆ ಬಗ್ಗಿ. "ಮಣಿ ಪೋಣಿಸಿದಂಗ ಅದಾವಲ್ರಿ!"

ಎರಡೂ ಕವಲಿನಲ್ಲಿ ಉದ್ದಕ್ಕೂ ನೀಲಿ ಚುಕ್ಕೆಗಳಿದ್ದವು. ನೀಲಗಂಗಾ ಎಣಿಸಿದಳು. ಎಂಟು. ಪಕ್ಕದ್ದು ಹನ್ನೊಂದು. ಮೂರನೆಯದು ಒಂಬತ್ತು. ಇಪ್ಪತ್ನಾಲ್ಕು ಹೆಣ್ಣುಗಳಲ್ಲಿ ಇಪ್ಪತ್ತೆರಡು ಬಸುರಾಗಿದ್ದವು. ಸೊನ್ನೆ ಬರೆದ ಪುಸ್ತಕದ ಪಕ್ಕದಲ್ಲಿ ಚುಕ್ಕೆಗಳ ಮೊತ್ತ ಬರೆದಾಗ ಇನ್ನೂರ ಮೂರು ಬಂತು. ಕೆ-೪೧ ಕೆಟ್ಟ ಗಂಡುಗಳು ಬೇರೆ ಗಂಡುಗಳ ಹಾಗೆಯೇ ತಂದೆಯಾಗಿದ್ದವು. ಇನ್ನೂರ ಮೂರು ಬಸಿರನ್ನು ಇವಳು ಸೊನ್ನೆ ಎಂದು ಬರೆದಿದ್ದಳು.

ಫೋಟೋ ತೆಗೆದು, ಪುಸ್ತಕ ಹಿಡಿದು ಜಮಖಂಡಿ ಸರ್ ಕೋಣೆಗೆ ಹೋದಳು. ಅವರು ಕಂಪನಿಯ ಸಲಹೆಗಾರರು ಕೂಡ. ಮೇಜಿನ ಮೇಲೆ ಗಾಜಿನ ಪೆಟ್ಟಿಗೆಯಲ್ಲಿ ಮೊಟ್ಟಮೊದಲ ಹಸಿರು ಪತ್ರ ಇತ್ತು. ಎಲ್ಲವನ್ನೂ ಕೇಳಿದರು.

"ಹೆಣ್ಣು ಮೊದಲ ಬಸುರಿದ್ದವೇನೋ," ಎಂದರು ಕೊನೆಗೆ.

"ಎಲ್ಲಾ ಆರು ವಾರದವು ಸರ್. ನಮ್ಮ ಮನ್ಯಾಗ ಬೆಳದವು. ಗಂಡಿನ ಮುಖಾನ ನೋಡಿದ್ದಿಲ್ಲ."

"ಹ್ಞೂಂ."

"ಗಾಜಿನ ತಟ್ಟಿಯೊಳಗ ಅಂಡದ ಜೋಡಿ ಬೆರೆಸಿ ನೋಡೂ ಪರೀಕ್ಷಾ ಎರಡು ಸಲ ಕೆಟ್ಟಿತ್ತು. ಮೂರನೇದು ಬ್ಯಾಡ ಅಂದಿದ್ರಿ ನೀವು, ಸೊನ್ನೆ ಇದ್ದಾವಲ್ಲ ಅಂತ."

"ಆ ಸೊನ್ನಿ ಕೆಳಗ ಸಹಿ ಯಾರದ್ದದ ನೀಲಗಂಗಾ?"

"ನಂದು ಸರ್."

"ಮತ್ತ? ಊರೆಲ್ಲ ನಿನ್ನ ಮೈಮ್ಯಾಲೆ ಬೀಳ್ತದ. ನಾಲ್ಕು ವರ್ಷದಾಗ ಎಷ್ಟು ಮನಿ ಮುರದಾವ ಗೊತ್ತದ ಏನು? ಈಗ ತಪ್ಪಾತು ಅಂತ ಹೇಳಿದ್ರ ಅವೇನು ಕೂಡ್ತಾವ? ಸುಮ್ಮನ ಇರು. ಆ ಡಬ್ಬಿ ಹಳೇವಾಗ್ಯಾವ, ನಾಳೆ ಸುಡ್ಲಿಕ್ಕೆ ಕಳಸಬೇಕಂತ ಬರದಬಿಡ್ತೇನಿ." ಮುಗುಳ್ನಕ್ಕು ಚಾ ತರಿಸಲೇ ಎಂದೂ ಕೇಳಿದರು.

ನೀಲಗಂಗಾ ಆ ನಗುವನ್ನೇ ನೋಡಿದಳು. ಮನೆ ಮುರಿದಿವೆ ಎಂದು ಈತನಿಗೆ ಗೊತ್ತಿದೆ. ಗೊತ್ತಿದ್ದೂ ಚಾ ಕುಡಿಯುತ್ತಾನೆ.

"ಫೋಟೋ ಆಗಲೇ ಕಳಿಸೀನಿ ಸರ್," ಎಂದಳು. "ಪ್ರಬಂಧ ಅಚ್ಚು ಮಾಡಿದ ಪತ್ರಿಕೆಗೆ, ಆರೋಗ್ಯ ಇಲಾಖೆಗೆ, ನಿಮ್ಮ ಕಂಪನಿಗೆ. ಕೆಳಗ ನನ್ನ ಸಹೀನ ಐತಿ."

ಅವರ ನಗು ಕರಗುವವರೆಗೆ ಅವಳು ನಿಲ್ಲಲಿಲ್ಲ. ಬುಧವಾರ ಬೆಳಿಗ್ಗೆ ಕೆಲಸಕ್ಕೆ ಬರಬೇಡಿ ಎಂಬ ಚೀಟಿ ಫೋನಿಗೆ ಬಂತು.

ಚೀಟಿ ಓದಿ ಅಡುಗೆಮನೆಗೆ ಹೋಗಿ ಅವ್ವನಿಗೂ ಪ್ರಭುವಿಗೂ ಎಲ್ಲ ಹೇಳಿದಳು. ಎಣಿಸಿದ್ದು ತಪ್ಪು, ಪತ್ರ ತಪ್ಪು, ತಪ್ಪು ನನ್ನದು. ವಾಂತಿ ಮಾಡಿದ್ದನ್ನೂ ಬಿಡದೆ ಹೇಳಿದಳು. ಹೇಳುತ್ತ ಹೇಳುತ್ತ ಅತ್ತಳು. ಅವ್ವ ಬೈಯುತ್ತಾಳೆ, ಎದೆ ಬಡಿದುಕೊಳ್ಳುತ್ತಾಳೆ, ಬಂಗಾರದಂಥ ಸೊಸೆಗೆ ಏನಂದುಬಿಟ್ಟೆನಲ್ಲ ಎಂದು ಕೂರುತ್ತಾಳೆ ಎಂದುಕೊಂಡಿದ್ದಳು.

"ಅಂದ್ರ ಕೂಸು ನಮ್ದ?" ಎಂದಳು ಗಿರಿಜವ್ವ.

"ಹೌದವ್ವಾ."

"ಹಂಗಾರ ಛಲೋ ಆತು ಬಿಡು! ನಾಳಿ ಆಸ್ಪತ್ರಿ ಬ್ಯಾಡಂತ ಫೋನ್ ಮಾಡೋ ಪ್ರಭೂ." ಅಷ್ಟು ಹೇಳಿ ಕಡಲೆಬೇಳೆ ಡಬ್ಬಿಗೆ ಕೈ ಹಾಕಿದಳು. "ಬಸುರಿ ಹೆಂಗಸು, ಬರಿಗೈಲೆ ಹೋಗಬಾರದು. ಹೋಳಿಗಿ ಮಾಡಿ ಕೊಡ್ತೀನಿ, ಹೋಗಿ ಕರಕೊಂಡು ಬರ್ರಿ. ನಾಕು ದಿನ ತವರಮನಿಗೆ ಹೋಗಿದ್ಲು ಅನ್ಕೊಂಡ್ರಾತು."

ಹೂರಣ ಬೇಯುವ ವಾಸನೆ ಮನೆ ತುಂಬಿತು. ಪ್ರಭುವಿನ ಮುಖ ಮೂರು ದಿನಗಳ ಬಳಿಕ ಬೆಳಗಿತ್ತು. ಡಿಪೋದಲ್ಲಿ ಯಾರೋ ಅವನ ಹೆಸರಿನ ಮುಂದೆ ನಲವತ್ತೊಂದು ಎಂದು ಸೀಮೆಸುಣ್ಣದಲ್ಲಿ ಬರೆದಿದ್ದರಂತೆ. "ಇನ್ನ ಅಂದಾರೇನು, ನೋಡ್ತೀನಿ," ಎಂದು ಮೀಸೆ ತೀಡಿದ. ದಾನೇಶ್ವರಿ ಹೇಗಿದ್ದಾಳೆ ಎಂದು ಅವನು ಕೇಳಲಿಲ್ಲ. ನೀಲಗಂಗಾ ಕಾಯ್ದೇ ಕಾಯ್ದಳು, ಕೇಳಲಿಲ್ಲ.

ಅಕ್ಕ ತಮ್ಮ ಇಬ್ಬರೂ ಕಾರಿನಲ್ಲಿ ಬೆಟಗೇರಿ ತಲುಪಿದಾಗ ಮಧ್ಯಾಹ್ನ ಮೂರು ಗಂಟೆ. ಓಣಿ ಸಣ್ಣದು, ಕಾರು ಒಳಗೆ ಹೋಗಲಿಲ್ಲ. "ನೀನ ಮೊದ್ಲ ಹೋಗಿ ಮಾತಾಡಕ್ಕಾ," ಎಂದ ಪ್ರಭು. "ಅಕಿ ಸಿಟ್ಟಿನ್ಯಾಗ ಇರ್ತಾಳ. ನಾ ಇಲ್ಲೇ ಕುಂತಿರ್ತೀನಿ." ಹೋಳಿಗೆಯ ಡಬ್ಬಿ ಅವನ ತೊಡೆಯ ಮೇಲಿತ್ತು.

ಮಗ್ಗದ ಸದ್ದಿನ ನಡುವೆ ದಾನೇಶ್ವರಿ ನೆಲದ ಮೇಲೆ ಕೂತಿದ್ದಳು, ಗೋಡೆಗೆ ಒರಗಿ. ಮುಖ ಇಳಿದಿತ್ತು. ಅವಳ ತಾಯಿ ನೀಲಗಂಗಾಳನ್ನು ಕಂಡು ಮಗ್ಗ ನಿಲ್ಲಿಸಿದಳು, ಬಾ ಎನ್ನಲಿಲ್ಲ, ಎದ್ದು ಒಳಗೆ ಹೋದಳು.

ನೀಲಗಂಗಾ ನಿಂತೇ ಎಲ್ಲವನ್ನೂ ಹೇಳಿದಳು. ಫೋಟೋ ತೋರಿಸಿದಳು. ದಾನೇಶ್ವರಿ ಫೋನು ಕೈಗೆ ತೆಗೆದುಕೊಂಡು ನೀಲಿ ಚುಕ್ಕೆಗಳನ್ನು ಬಹಳ ಹೊತ್ತು ನೋಡಿದಳು.

"ಇಷ್ಟೂ ಮರಿ ಹುಟ್ಟಿದ್ವೇನು?"

"ಹುಟ್ಟಿದ್ವು."

"ನೀವು ನೋಡಲಿಲ್ಲ."

"ನನಗ ಹೇಸಿಗಿ ಬರ್ತಿತ್ತು, ದಾನೇಶ್ವರಿ."

ದಾನೇಶ್ವರಿ ಫೋನು ವಾಪಸು ಕೊಟ್ಟಳು. "ಭಾನುವಾರ ನಾ ನಿಮ್ಮ ಮುಖ ನೋಡಿದ್ನಿ ಅಕ್ಕಾರ. ಜೀವಂತ ಕುಂತು ಬಾಯಿ ಬಿಟ್ಟು ಹೇಳಿದ್ನಿ. ನಂಬಲಿಲ್ಲ. ಈಗ ಸತ್ತ ಇಲಿ ಹೊಟ್ಟಿ ಕೊಯ್ದು ನೋಡಿ ನಂಬಿದ್ರಿ."

ನೀಲಗಂಗಾ ಫೋನು ಚೀಲಕ್ಕೆ ಹಾಕಿದಳು. "ಅವ್ವ ಹೋಳಿಗಿ ಕಳಿಸ್ಯಾಳ," ಎಂದಳು. ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು. ಥೂ, ಎಂಥ ಮಾತು ಬಂತು ಬಾಯಿಗೆ!

"ಹೋಳಿಗಿ," ಎಂದಳು ದಾನೇಶ್ವರಿ. ಆ ಹೆಸರಿಗೇ ಇರಬೇಕು, ಅವಳಿಗೆ ಓಕರಿಕೆ ಬಂತು. ಪಕ್ಕದಲ್ಲಿದ್ದ ತಗಡಿನ ಬುಟ್ಟಿಯನ್ನು ಎಳೆದುಕೊಳ್ಳುವ ಮೊದಲೇ ನೀಲಗಂಗಾ ಅದನ್ನೆತ್ತಿ ಅವಳ ಮುಂದೆ ಹಿಡಿದಿದ್ದಳು. ದಾನೇಶ್ವರಿ ವಾಂತಿ ಮಾಡಿದಳು, ಹಳದಿ ನೀರು, ಅರ್ಧ ಕರಗಿದ ಅನ್ನ. ಒಂದಿಷ್ಟು ನೀಲಗಂಗಾಳ ಕೈಮೇಲೆ ಸಿಡಿಯಿತು. ಅವಳು ಮುಖ ತಿರುಗಿಸಲಿಲ್ಲ. ಇನ್ನೊಂದು ಕೈಯಿಂದ ದಾನೇಶ್ವರಿಯ ಹಣೆ ಹಿಡಿದುಕೊಂಡಳು, ಎಲ್ಲ ಮುಗಿಯುವವರೆಗೆ ನೋಡುತ್ತಲೇ ಇದ್ದಳು.

ದಾನೇಶ್ವರಿ ಸೆರಗಿನಿಂದ ಬಾಯಿ ಒರೆಸಿಕೊಂಡಳು. ಉಸಿರು ಹತೋಟಿಗೆ ಬಂದ ಮೇಲೆ ಮಾತಾಡಿದಳು, ಶಾಲೆಯ ಮೈದಾನದಲ್ಲಿ ಮಕ್ಕಳಿಗೆ ಹೇಳುವ ದನಿಯಲ್ಲಿ.

"ಕೂಸು ಇರತೈತಿ. ನಾಳೆ ಆಸ್ಪತ್ರಿಗೆ ಹೋಗೂದಿಲ್ಲಂತ ನಾ ಸೋಮವಾರನ ನಮ್ಮವ್ವಗ ಹೇಳೀನಿ. ನಿಮ್ಮ ಇಲಿ ಹೇಳೂಕಿಂತ ಮೊದ್ಲ. ಕೂಸು ಇಲ್ಲೇ ಹುಟ್ಟತೈತಿ, ಇಲ್ಲೇ ಬೆಳಿತೈತಿ. ಆ ಮನಿಗೆ ನಾ ಬರೂದಿಲ್ಲ."

"ಪ್ರಭು ಹೊರಗ ಬಂದಾನ."

"ಒಳಗ ಯಾಕ ಬಂದಿಲ್ಲ?"

ದಾನೇಶ್ವರಿ ಬುಟ್ಟಿಯ ಕಡೆ ಕೈ ತೋರಿಸಿದಳು. "ಅದನ್ನ ಚೆಲ್ಲಿ ತೊಳದಿಡ್ರಿ. ಆಮ್ಯಾಲ ಹೋಗ್ರಿ."

ಹಿತ್ತಲಿಗೆ ಹೋಗಿ ನೀಲಗಂಗಾ ಬುಟ್ಟಿ ಚೆಲ್ಲಿದಳು, ನಲ್ಲಿಯ ಕೆಳಗೆ ಬೂದಿ ಹಾಕಿ ಬರಿಗೈಯಲ್ಲಿ ತಿಕ್ಕಿದಳು, ಬಿಸಿಲಿಗೆ ಬೋರಲು ಹಾಕಿದಳು. ಹೇಸಿಗೆ ಬರುತ್ತದೆಂದು ಕಾಯ್ದಳು. ಬರಲಿಲ್ಲ. ಅವಳು ಪಡಸಾಲೆ ದಾಟುವಾಗ ದಾನೇಶ್ವರಿ ಕಣ್ಣು ಮುಚ್ಚಿದ್ದಳು, ತಾಯಿ ಮತ್ತೆ ಮಗ್ಗಕ್ಕೆ ಕೂತಿದ್ದಳು.

ಓಣಿಯ ತುದಿಯಲ್ಲಿ ಪ್ರಭು ಕಾರಿನ ಬಾಗಿಲು ತೆರೆದಿಟ್ಟುಕೊಂಡು ಕೂತಿದ್ದ. ಡಬ್ಬಿಯ ಮುಚ್ಚಳ ಬಿಚ್ಚಿತ್ತು. ತುಟಿಯ ಮೇಲೆ ತುಪ್ಪ ಹೊಳೆಯುತ್ತಿತ್ತು.

"ಏನಂದ್ಲು? ಬರ್ತಾಳಿಲ್ಲೋ?" ಎಂದ, ಬಾಯಿ ತುಂಬ ಹೋಳಿಗೆ ಇಟ್ಟುಕೊಂಡು. "ಬಿಸಿ ಇದ್ದಾಗ ರುಚಿ ಅಂತ ಎರಡ ತಿಂದೆ. ಅಕಿಗೆ ಇನ್ನೂ ಆರ ಅದಾವ."

ಮುಂಗಾಲಲ್ಲಿ ಹಿಡಿದು ತಿನ್ನುತ್ತಿದ್ದ ಆ ಇಲಿಯಾದರೂ ಅಂಜಿ ತಿಂದಿತ್ತು. ನೀಲಗಂಗಾ ತಮ್ಮನ ತುಟಿಯನ್ನೇ ನೋಡುತ್ತ ನಿಂತಳು. ಹೇಸಿಗೆ ಬಂತು. ಇಷ್ಟು ವರ್ಷದಲ್ಲಿ ಮೊದಲ ಸಲ ಅದು ಬರಬೇಕಾದ ಕಡೆಗೇ ಬಂದಿತ್ತು. ಕಾರು ಹತ್ತಲಿಲ್ಲ. ವಾಂತಿ ಸಿಡಿದ ಕೈಯಿಂದಲೇ ಬಾಗಿಲು ಮುಚ್ಚಿ, ಬಸ್ ನಿಲ್ದಾಣದ ಕಡೆ ನಡೆದಳು.